ಎಡಗಡೆಯ ಕಂಬ

ಮಾರ್ಚ್ ೩, ಸೋಮವಾರ

ಮಗಳಿಲ್ಲದ ಮನೆಗೆ ಇವತ್ತು ಅಳಿಯ ಬಂದ. ಬಿಳಿ ಮೈ, ಹೊಟ್ಟೆ ತುಂಬ ಬ್ಯಾಟರಿ, ಉಸಿರಾಡಿದ ಸದ್ದೂ ಇಲ್ಲ. ತಾನೇ ಜಾಗ ಹುಡುಕಿ, ತಾನೇ ಹೋಗಿ ನಿಲ್ಲುವ ಕಾರಂತೆ. ಅದನ್ನು ತಂದ ನಮ್ಮ ಮೇಷ್ಟ್ರ ಗತ್ತು ನೋಡಬೇಕಿತ್ತು. ಮೇಷ್ಟ್ರು ಎಂದರೆ ನನ್ನ ಯಜಮಾನರು. ಜೀವಮಾನವಿಡೀ ಹೈಸ್ಕೂಲು ಮಕ್ಕಳಿಗೆ ರೇಖಾಗಣಿತ ಕಲಿಸಿಕೊಂಡು ಬಂದವರು, ಒಂದು ಕಾರನ್ನು ಎರಡು ಗೆರೆಗಳ ನಡುವೆ ನಿಲ್ಲಿಸಲಾರರು. ಮಾರಿದ ಹಳೆಯ ಕಾರಿನ ಎಡಗಡೆಯನ್ನು ನೋಡಿದವರೆಲ್ಲ ಹುಲಿ ಪರಚಿತೇ ಎಂದು ಕೇಳುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಬದಲು ಕುಣಿಯುವ ನೆಲವನ್ನೇ ಕೊಂಡು ತಂದಿದ್ದಾರೆ.

ನೆಲಮಾಳಿಗೆಯಲ್ಲಿ ನಮ್ಮ ಜಾಗ ಇರುವುದು ಎಡಗಡೆ ಒಂದು ದಪ್ಪ ಕಂಬ, ಬಲಗಡೆ ಮೇಲಿನ ಮನೆಯ ವಕೀಲರ ಕಾರು, ಇವೆರಡರ ಮಧ್ಯೆ. ಕಂಬದ ಕಡೆ ಬಾಗಿಲು ತೆರೆಯುವುದಿಲ್ಲ, ಆ ಕಡೆ ಕೂತವರು ಮೊದಲೇ ಇಳಿದುಬಿಡಬೇಕು. ಸಂಜೆ ಪ್ರದರ್ಶನಕ್ಕೆ ಎಲ್ಲರನ್ನೂ ಕರೆದರು. ಮೇಷ್ಟ್ರು ಡ್ರೈವರ್ ಸೀಟಿನಲ್ಲಿ ಕೈಕಟ್ಟಿ ಕೂತರು. ಸ್ಟಿಯರಿಂಗ್ ತಾನಾಗಿ ಗಿರ್ರನೆ ತಿರುಗಿತು. ಅತ್ತೆ ನನ್ನ ತೋಳು ಹಿಡಿದು ಕೂಗಿದರು:

"ಕೈ ಬಿಟ್ಟು ಕೂತಿದೀಯಲ್ಲೋ! ಹಿಡ್ಕೊಳೋ, ಹಿಡ್ಕೊ!"

"ಏನೂ ಆಗಲ್ಲಮ್ಮ, ಅದಕ್ಕೆ ಹನ್ನೆರಡು ಕಣ್ಣಿದೆ."

ವಕೀಲರು ತಮ್ಮ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಂತಿದ್ದರು. "ಮೇಷ್ಟ್ರೇ, ಬ್ರೇಕು ಯಾರ ಕೈಲಿದೆ?"

"ಅದೂ ಅದರದ್ದೇ."

"ಹಾಗಾದ್ರೆ ನಾಳೆ ಕೇಸು ಹಾಕೋದು ಯಾರ ಮೇಲೆ?"

ಎಲ್ಲರೂ ನಕ್ಕರು. ಕಾರು ನಿಂತಿತು, ನೆಟ್ಟಗೇ ನಿಂತಿತು. ಅದೇ ನನಗೆ ಹೊಟ್ಟೆಯುರಿ.

ಮಾರ್ಚ್ ೯, ಭಾನುವಾರ

ಅಳಿಯನಿಗೆ ಮುನಿಸು. ನೆಲದ ಬಿಳಿ ಗೆರೆಗಳು ಸವೆದುಹೋಗಿವೆಯಂತೆ, ಅದಕ್ಕೆ ಜಾಗವೇ ತಿಳಿಯುವುದಿಲ್ಲವಂತೆ. ಹಿಂದೆ ಹೋಗಿ ಮುಂದೆ ಬಂದು, ಕೊನೆಗೆ ಲಿಫ್ಟಿನ ಬಾಗಿಲಿಗೆ ಅಡ್ಡ ನಿಲ್ಲಲು ಹೊರಟಿತು. ಹನ್ನೆರಡು ಕಣ್ಣಿದ್ದೂ ಲಿಫ್ಟು ಯಾವುದು, ಜಾಗ ಯಾವುದು ಗೊತ್ತಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಮೇಷ್ಟ್ರು ಬ್ರೇಕು ಒತ್ತಿದರು.

ಆಮೇಲೆ ಇಡೀ ಭಾನುವಾರ ಅಳಿಯನ ಸೇವೆ. ಬಣ್ಣದ ಡಬ್ಬಿ, ಬ್ರಷ್ಷು, ಶಾಲೆಯಿಂದ ತಂದ ಉದ್ದದ ಮರದ ಅಳತೆಪಟ್ಟಿ. ಮಂಡಿಯೂರಿ ಗೆರೆ ಎಳೆದರು. ಮನೆಯ ಕಿಟಕಿಗೆ ಬಣ್ಣ ಹೊಡೆಸಿ ಎಂದು ನಾನು ಹೇಳುತ್ತ ಬಂದು ಎಷ್ಟು ಕಾಲವಾಯಿತೋ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಬಲಗಡೆಯ ಗೆರೆ ಚೆನ್ನಾಗಿದೆ. ಎಡಗಡೆಯದು ಕಂಬದ ಹತ್ತಿರ ಹೋಗಿ ಹಾವಿನಂತೆ ಹೊರಳಿಕೊಂಡಿದೆ. "ಇದು ಯಾವ ಪ್ರಮೇಯದ ಸರಳರೇಖೆ?" ಎಂದು ಕೇಳಿದೆ. ಅವರು ಗೆರೆಯನ್ನು ಒಂದು ಗಳಿಗೆ ದಿಟ್ಟಿಸಿ, ಬಣ್ಣ ನೀರಾಗಿತ್ತು ಎಂದರು. ನೀರಾದ ಬಣ್ಣ ಬಲಗಡೆ ಮಾತ್ರ ನೆಟ್ಟಗೆ ಹೋಯಿತೇ? ಕೇಳಲಿಲ್ಲ, ನಗುವುದರಲ್ಲೇ ಸಂಜೆಯಾಯಿತು.

ಮಾರ್ಚ್ ೧೪, ಶುಕ್ರವಾರ

ಕ್ಲಿನಿಕ್ಕಿನಲ್ಲಿ ಇವತ್ತು ಮೂರ್ಖರ ಜಾತ್ರೆ. ನನ್ನ ಕೆಲಸ ಕಣ್ಣಿನ ಡಾಕ್ಟರ ಬಳಿ ಜನರ ನೋಟ ಪರೀಕ್ಷೆ ಮಾಡುವುದು. ಅಕ್ಷರದ ಬೋರ್ಡು ಓದಿಸುತ್ತೇನೆ, ಕತ್ತಲೆ ಕೋಣೆಯಲ್ಲಿ ನೋಟದ ಅಗಲ ಅಳೆಯುವ ಯಂತ್ರದ ಮುಂದೆ ಕೂರಿಸುತ್ತೇನೆ. ಬಟ್ಟಲಿನಂಥ ಯಂತ್ರ. ಅದರೊಳಗೆ ಗಲ್ಲ ಇಟ್ಟು ನಡುವಿನ ಚುಕ್ಕೆಯನ್ನೇ ನೋಡಬೇಕು, ಸುತ್ತಮುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಮಗುವೂ ಮಾಡುವ ಕೆಲಸ.

ಒಬ್ಬ ವ್ಯಾನ್ ಡ್ರೈವರ್ ಬಂದಿದ್ದ. ಬೋರ್ಡಿನ ಕೊನೆಯ ಸಾಲನ್ನು ಗಿಣಿಯಂತೆ ಓದಿದ. ಯಂತ್ರದ ಮುಂದೆ ಕೂತಾಗ ಗುಂಡಿಯನ್ನು ಒತ್ತಲೇ ಇಲ್ಲ. "ಮೇಡಂ, ನಿಮ್ ಮಷೀನ್ ಕೆಟ್ಟಿದೆ, ಲೈಟೇ ಹತ್ತುತ್ತಿಲ್ಲ" ಅಂದ. ಗ್ಲಾಕೋಮಾ. ಅಂಚಿನಿಂದ ನೋಟವನ್ನು ತಿಂದುಕೊಂಡು ಬರುತ್ತದೆ, ನಡುವಿನದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ದಿನ ಪಕ್ಕದ ಗಾಡಿಗಳನ್ನು ಉಜ್ಜಿಕೊಂಡು ಓಡಾಡಿದ್ದಾನೆ, ಒಮ್ಮೆಯಾದರೂ ಅನುಮಾನ ಬೇಡವೇ? "ನಿಮ್ಮ ಮನೆಯವರಿಗೆ ಕಣ್ಣಿಲ್ಲವಾ?" ಎಂದು ಗದರಿದೆ. ಅವನ ಹೆಂಡತಿ ತಲೆ ತಗ್ಗಿಸಿದಳು. ಜೊತೆಗೇ ಬಾಳುವವಳಿಗೆ ಕಾಣದೆ ಹೋದರೆ ಇನ್ನು ಯಾರಿಗೆ ಕಾಣಬೇಕು!

ಮನೆಗೆ ಬಂದರೆ ಇನ್ನೊಬ್ಬರು. ಮೇಷ್ಟ್ರು ನೀರಿನ ಲೋಟವನ್ನು ಮೇಜಿನ ಎಡತುದಿಯ ಆಚೆಗೆ, ಗಾಳಿಯ ಮೇಲೆ ಇಟ್ಟರು. ಗಾಜು ಚೂರುಚೂರು. ಗುಡಿಸಿದ್ದು ನಾನು. ಕಾರಿಗೆ ಮಾತ್ರ ಹನ್ನೆರಡು ಕಣ್ಣು.

ಮಾರ್ಚ್ ೨೨, ಶನಿವಾರ

ಇವತ್ತು ನಾನು ಬಹಳ ಸಂತೋಷವಾಗಿದ್ದೇನೆ. ಅಳಿಯ ಏಣಿಗೆ ಗುದ್ದಿದ.

ಗೋಡೆಗೆ ಬಣ್ಣ ಹೊಡೆಯುವವರು ಕಂಬದ ಪಕ್ಕ ಅಲ್ಯೂಮಿನಿಯಂ ಏಣಿ ಒರಗಿಸಿ ಊಟಕ್ಕೆ ಹೋಗಿದ್ದರು. ಕಾರು ಕೈಕಟ್ಟಿ ಕೂತ ಮೇಷ್ಟ್ರನ್ನು ಹೊತ್ತುಕೊಂಡು ಹಿಂದೆ ಹಿಂದೆ ಹೋಯಿತು, ಏಣಿ ಕಾಣಲೇ ಇಲ್ಲ, ಹಿಂದಿನ ದೀಪ ಒಡೆಯಿತು. ಕಂಪನಿಯಿಂದ ಮೆಕ್ಯಾನಿಕ್ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್ಟು, ಬಾಯಲ್ಲಿ ಬೆಣ್ಣೆ.

"ಸಾರ್, ತೆಳ್ಳಗಿರೋದು, ಜೋತು ಬಿದ್ದಿರೋದು, ಇಂಥದ್ದು ಸೆನ್ಸರ್‌ಗೆ ಕೆಲವು ಸಲ ಸಿಗಲ್ಲ. ಕ್ಯಾಮೆರಾ ಮೇಲೆ ಧೂಳು ಕೂತ್ರೂ ಕಷ್ಟ. ಪುಸ್ತಕದಲ್ಲಿ ಬರೆದಿದೆ, ಇದು ಬರೀ ಸಹಾಯಕ್ಕೆ. ನೋಡ್ಕೋಬೇಕಾದವರು ನೀವೇ."

"ನೋಡಕ್ಕಾಗಿದ್ರೆ ಇದನ್ಯಾಕೆ ತಗೋತಿದ್ದೆ?" ಎಂದರು ಮೇಷ್ಟ್ರು.

ಸೋಮಾರಿತನವನ್ನು ಇಷ್ಟು ರಾಜಾರೋಷವಾಗಿ ಹೇಳಿಕೊಂಡವರನ್ನು ನಾನು ಕಂಡಿಲ್ಲ. ಮೆಕ್ಯಾನಿಕ್ ನಕ್ಕ, ನಾನೂ ನಕ್ಕೆ. ಅವರೊಬ್ಬರು ನಗಲಿಲ್ಲ. ತಾನೇ ನೋಡುತ್ತದೆ ಎಂದು ಮಾರುವುದು, ಒಡೆದ ಮೇಲೆ ನೀವೇ ನೋಡಬೇಕಿತ್ತು ಎನ್ನುವುದು. ಒಳ್ಳೆಯ ವ್ಯಾಪಾರ. ವಕೀಲರು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡು, "ನಾನವತ್ತೇ ಕೇಳಿದ್ದೆ" ಎಂದು ಹೇಳಿ ಹೋದರು. ಅವರಿಗೂ ಇವತ್ತು ಹಬ್ಬ.

ಏಪ್ರಿಲ್ ೨, ಬುಧವಾರ

ಹೊಸ ನಾಟಕ. ಸಂತೆಬೀದಿಯಲ್ಲಿ ನಡೆಯುವಾಗ ಮೇಷ್ಟ್ರು ನನ್ನ ತೋಳು ಹಿಡಿದುಕೊಳ್ಳುತ್ತಾರೆ. ನಾನು ಎಡಗಡೆಯೇ ಇರಬೇಕು, ಬಲಗಡೆ ಹೋದರೆ ಎಳೆದು ಮತ್ತೆ ಆ ಕಡೆ ನಿಲ್ಲಿಸಿಕೊಳ್ಳುತ್ತಾರೆ. ಮದುವೆಯಾದ ಹೊಸತರಲ್ಲಿ ಹತ್ತು ಮಾರು ಮುಂದೆ ನಡೆಯುತ್ತಿದ್ದ ಮಹಾನುಭಾವರು! "ಈ ವಯಸ್ಸಲ್ಲಿ ಏನ್ರೀ ಇದು, ಜನ ನೋಡ್ತಾರೆ" ಎಂದೆ. "ನೋಡ್ಲಿ ಬಿಡು" ಎಂದರು.

ಕೈ ಬಿಡಿಸಿಕೊಳ್ಳಲಿಲ್ಲ. ಚೀಲ ಭಾರವಿತ್ತು, ಅದಕ್ಕೆ.

ಏಪ್ರಿಲ್ ೬, ಭಾನುವಾರ

ಅಳಿಯನಿಗೆ ಈಗ ಭಯದ ಕಾಯಿಲೆ. ಏಣಿಗೆ ಗುದ್ದಿದ ಮೇಲೆ ಮೆಕ್ಯಾನಿಕ್ ಏನೋ ತಿದ್ದಿ ಹೋದ. ಅವತ್ತಿನಿಂದ ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲಕ್ಕೂ ನಿಲ್ಲುತ್ತದೆ, ಕಂಬದ ನೆರಳಿಗೂ ನಿಲ್ಲುತ್ತದೆ, ಏನೂ ಇಲ್ಲದಿದ್ದರೂ ನಿಂತು ಕೀಂ ಕೀಂ ಎನ್ನುತ್ತದೆ. ಮೊದಮೊದಲು ಮೇಷ್ಟ್ರು ಇಳಿದು ಸುತ್ತ ನೋಡಿ ಬರುತ್ತಿದ್ದರು. ಈಗ ಇಳಿಯುವುದಿಲ್ಲ. "ಇದರದ್ದು ದಿನಾ ಇದೇ ಗೋಳು" ಎಂದು ಅದರ ಬಾಯಿ ಮುಚ್ಚಿಸಿ, ತಾವೇ ಪೆಡಲ್ ಒತ್ತಿ ಒಳಗೆ ತಳ್ಳುತ್ತಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಯಾವುದು ಎತ್ತು, ಯಾವುದು ಕೋಣ ಎಂದು ನಾನು ಹೇಳುವುದಿಲ್ಲ.

ಇವರಿಬ್ಬರನ್ನೂ ನಂಬಲಾಗದೆ ನಾನೇ ಕ್ಲಿನಿಕ್ಕಿನಿಂದ ಬೇಗ ಬಂದು ಕಂಬದ ಪಕ್ಕ ನಿಲ್ಲುತ್ತಿದ್ದೇನೆ. "ಬನ್ನಿ, ಬನ್ನಿ, ಸಾಕು" ಎಂದು ಹಿಂದಿನ ಡಿಕ್ಕಿಯ ಮೇಲೆ ಬಡಿಯುತ್ತೇನೆ. ಬಸ್ಸಿನ ಕಂಡಕ್ಟರ್ ಆಗಿಬಿಟ್ಟೆ. ಅತ್ತೆಯ ಮಂಡಿ ಆಪರೇಷನ್ ಆಗಿ ಇನ್ನೂ ವಾಕರ್ ಹಿಡಿದೇ ನಡೆಯುವುದು. ಅವರನ್ನು ವ್ಯಾಯಾಮಕ್ಕೆ ಕರೆದೊಯ್ದು ತರುವುದು ಈ ಕಾರಿನಲ್ಲೇ. ನನಗೆ ಅದೊಂದೇ ದಿಗಿಲು. ದೀಪ ಒಡೆದರೆ ಹೊಸದು ಹಾಕಬಹುದು. ಅತ್ತೆಗೆ ಇನ್ನೊಂದು ಮಂಡಿ ಎಲ್ಲಿಂದ ತರುವುದು?

"ನೀವು ಒಂದ್ಸಲ ನನ್ನ ಕ್ಲಿನಿಕ್ಕಿಗೆ ಬಂದು ಕಣ್ಣು ತೋರಿಸ್ಬಾರ್ದಾ?" ಎಂದೆ, ಚುಚ್ಚಲೆಂದೇ. ಎದ್ದು ನಿಂತು ಆಚೆ ಗೋಡೆಯ ಕ್ಯಾಲೆಂಡರಿನ ತುದಿಯಲ್ಲಿದ್ದ ಇರುವೆಯಂಥ ಅಕ್ಷರವನ್ನು ಈ ಕಡೆಯಿಂದಲೇ ಓದಿ ತೋರಿಸಿದರು. ಹದ್ದಿನ ಕಣ್ಣು. ಕಣ್ಣು ಚೆನ್ನಾಗಿದೆ, ಗಮನ ಇಲ್ಲ, ಅಷ್ಟೇ.

ಏಪ್ರಿಲ್ ೧೧, ಶುಕ್ರವಾರ

ಅತ್ತೆಯನ್ನು ಮಲಗಿಸಿ ಬಂದು ಬರೆಯುತ್ತಿದ್ದೇನೆ.

ವ್ಯಾಯಾಮ ಮುಗಿಸಿ ಮೂವರೂ ಬಂದೆವು. ಕಂಬದ ಕಡೆಗೆ ಅತ್ತೆಯನ್ನು ಇಳಿಸಿದೆ, ವಾಕರ್ ಕೈಗೆ ಕೊಟ್ಟೆ, ಇಲ್ಲೇ ನಿಂತಿರಿ ಎಂದು ಹೇಳಿ ಚೀಲ ಹಿಡಿದು ಲಿಫ್ಟಿನ ಗುಂಡಿ ಒತ್ತಲು ಹೋದೆ. ಇವತ್ತು ಕಂಡಕ್ಟರ್ ಕೆಲಸ ಮಾಡಲಿಲ್ಲ. ಹಿಂದೆ ಕೀಂ ಕೀಂ ಎಂದಿತು. ದಿನದ ಗೋಳು ಎಂದು ನಾನೂ ತಿರುಗಲಿಲ್ಲ. ಸದ್ದು ನಿಂತಿತು. ಆಮೇಲೆ ಟಕ್ ಎಂದು ವಾಕರ್ ಮುರಿದ ಸದ್ದು, ಅತ್ತೆ "ಅಯ್ಯೋ ಮಗನೇ" ಎಂದದ್ದು.

ಬಣ್ಣದವರ ಖಾಲಿ ಚೀಲಗಳ ರಾಶಿಯ ಮೇಲೆ ಕುಸಿದು ಕೂತಿದ್ದರು. ಅವು ಇರದಿದ್ದರೆ ಏನಾಗುತ್ತಿತ್ತೋ. ಮಂಡಿಗೆ ಏನೂ ಆಗಿಲ್ಲ, ಮಣಿಕಟ್ಟು ಮುರಿದಿದೆ. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡು ಬಂದೆವು. ನಾನು ದಾರಿಯುದ್ದಕ್ಕೂ ಆ ದರಿದ್ರ ಕಾರನ್ನೂ ಅದನ್ನು ಮಾಡಿದವರನ್ನೂ ಮಾರಿದವರನ್ನೂ ಬೈದೆ. ಮೇಷ್ಟ್ರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

"ನಾನು ನೋಡ್ದೆ ಕಣೇ. ಕನ್ನಡೀಲೂ ನೋಡ್ದೆ. ಅಮ್ಮ ಅಲ್ಲಿರಲಿಲ್ಲ."

ಅತ್ತೆ ಹಳದಿ ಸ್ವೆಟರ್ ಹಾಕಿಕೊಂಡಿದ್ದರು. ಟ್ಯೂಬ್‌ಲೈಟಿನ ಕೆಳಗೇ ನಿಂತಿದ್ದರು.

ಏಪ್ರಿಲ್ ೧೨, ಶನಿವಾರ

ಮೆಕ್ಯಾನಿಕ್ ಬಂದ. ಬಂದವನನ್ನು ಬಾಗಿಲಲ್ಲೇ ಹಿಡಿದುಕೊಂಡೆ. ಮುದುಕಿಯನ್ನು ಕೊಲ್ಲಲು ಹೊರಟಿದ್ದ ಯಂತ್ರ, ಹನ್ನೆರಡು ಕಣ್ಣಲ್ಲಿ ಒಂದಕ್ಕಾದರೂ ಹಳದಿ ಸ್ವೆಟರ್ ಕಾಣಬಾರದಿತ್ತೇ, ನಿಮ್ಮ ಮನೆಯಲ್ಲಿ ತಾಯಿ ಇಲ್ಲವೇ ಎಂದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವನ ಬಾಯಲ್ಲಿ ಇವತ್ತು ಬೆಣ್ಣೆ ಇರಲಿಲ್ಲ.

"ಅವನನ್ನ ಬಿಡು," ಎಂದರು ಮೇಷ್ಟ್ರು ಕುರ್ಚಿಯಿಂದಲೇ. "ಗಾಡಿಗೆ ಕಂಡಿತ್ತು. ಅದು ನಿಂತಿತ್ತು. ನಾನೇ ಅದನ್ನ ಬಿಡಿಸಿ ಪೆಡಲ್ ಒತ್ತಿದೆ."

"ಯಾಕೆ ಒತ್ತಿದ್ರಿ?"

"ದಿನಾ ಸುಮ್ಮಸುಮ್ಮನೆ ನಿಲ್ಲುತ್ತಲ್ಲ, ನಿನ್ನೆನೂ ಹಾಗೇ ಅಂದ್ಕೊಂಡೆ. ಅಲ್ಲಿ ಏನೂ ಇರಲಿಲ್ಲ ಕಣೇ. ನನಗೆ ಏನೂ ಕಾಣಲಿಲ್ಲ."

ಮೆಕ್ಯಾನಿಕ್ ಮೆಲ್ಲಗೆ, ಬೇಡದ್ದಕ್ಕೆ ಇಷ್ಟು ಸಲ ನಿಲ್ಲುವುದೂ ಗಾಡಿಯ ತಪ್ಪೇ ಎಂದ, ತೋಳ ಬಂತು ತೋಳ ಎಂದ ಹುಡುಗನ ಹಾಗೆ. ನಾನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಲೈಟೇ ಹತ್ತುತ್ತಿಲ್ಲ. ಇದೇ ಧಾಟಿಯ ಮಾತು ನನ್ನ ಕತ್ತಲೆ ಕೋಣೆಯಲ್ಲಿ ಎಷ್ಟು ಸಲ ಕೇಳಿದ್ದೇನೆ.

ಅವನು ಹೋದ ಮೇಲೆ ಅವರ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ನನ್ನ ಮೂಗನ್ನೇ ನೋಡಿ. ಅಲ್ಲಾಡಬೇಡಿ."

"ಈಗೇನು ತಮಾಷೆ?"

"ನೋಡಿ ಅಂದ್ನಲ್ಲ."

ಬಲಗೈ ಚಾಚಿ, ಅವರ ಎಡಗಡೆಗೆ, ಬೆರಳು ಆಡಿಸಿದೆ. ಅವರು ವಿಧೇಯ ಹುಡುಗನಂತೆ ನನ್ನ ಮೂಗನ್ನೇ ನೋಡುತ್ತಿದ್ದರು. ಬೆರಳು ಇನ್ನೂ ಹತ್ತಿರ ತಂದೆ. ಇನ್ನೂ ತಂದೆ. ಬೆರಳು ಅವರ ಕೆನ್ನೆಯ ಹತ್ತಿರಕ್ಕೇ ಬಂದಿತ್ತು.

"ಶುರು ಮಾಡೇ, ಎಷ್ಟೊತ್ತು ಹೀಗೇ ಕೂತ್ಕೊಳ್ಳಲಿ?" ಎಂದರು.

ಏಪ್ರಿಲ್ ೧೪, ಸೋಮವಾರ

ಕ್ಲಿನಿಕ್ಕಿನಲ್ಲಿ ನಾನೇ ಅವರ ಗಲ್ಲವನ್ನು ಯಂತ್ರದಲ್ಲಿಟ್ಟೆ. ನಾನೇ ಗುಂಡಿಯನ್ನು ಕೈಗೆ ಕೊಟ್ಟೆ. ಕತ್ತಲೆಯಲ್ಲಿ ಗುಂಡಿಯ ಸದ್ದಿಗೆ ಕಾದೆ. ಬಲಗಡೆಯ ಬೆಳಕುಗಳಿಗೆ ಟಿಕ್ ಟಿಕ್ ಎಂದಿತು. ಎಡಗಡೆಗೆ ಹೋದಾಗ ಸದ್ದಿಲ್ಲ.

"ಬ್ಯಾಟರಿ ಹೋಯ್ತಾ ಇದರದ್ದು?" ಎಂದರು, ಬಟ್ಟಲಿನೊಳಗಿಂದ.

ಗ್ಲಾಕೋಮಾ. ಎರಡೂ ಕಣ್ಣು, ಎಡಗಣ್ಣು ಜಾಸ್ತಿ. ಹೋದ ನೋಟ ಮತ್ತೆ ಬರುವುದಿಲ್ಲ, ಔಷಧಿ ತಪ್ಪಿಸದೆ ಹಾಕಿದರೆ ಇರುವುದನ್ನು ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರು. ಕಾರು ಓಡಿಸುವುದು ಮುಗಿಯಿತು. ಡಾಕ್ಟರು ನನ್ನ ಮುಖ ನೋಡದೆ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತಾಗ ಆ ವ್ಯಾನ್ ಡ್ರೈವರನ ಹೆಂಡತಿಯ ಮುಖ ನೆನಪಾಯಿತು.

"ಮೊದಲೇ ಅನುಮಾನ ಇತ್ತಾ?" ಎಂದೆ.

"ಹಳೇ ಕಾರು ಯಾವಾಗ ನೋಡಿದ್ರೂ ಎಡಗಡೆನೇ ತಗಲ್ತಿತ್ತು. ಏನೋ ಸರಿಯಿಲ್ಲ ಅನ್ನಿಸ್ತು. ತಾನೇ ನೋಡೋ ಗಾಡಿ ಇದ್ರೆ ಸುಧಾರಿಸ್ಬಹುದು ಅಂದ್ಕೊಂಡೆ."

"ಮನೇಲೇ ಕಣ್ಣು ನೋಡೋಳಿದ್ದೆ ನಾನು. ನನಗೆ ಹೇಳ್ಬಾರ್ದಿತ್ತಾ?"

"ನೀನು ನಗ್ತೀಯ ಅಂತ."

ಗೆರೆಗೆ ನಕ್ಕಿದ್ದೆ, ಲೋಟಕ್ಕೆ ನಕ್ಕಿದ್ದೆ, ಏಣಿಗೆ ನಕ್ಕಿದ್ದೆ. ಊರವರಿಗೆಲ್ಲ ಬೆಳಕು ತೋರಿಸುವವಳು, ದೀಪದ ಬುಡದಲ್ಲೇ ಕತ್ತಲೆ. ಮನೆಗೆ ನಡೆದೇ ಬಂದೆವು. ಅವರು ಹೇಳುವ ಮೊದಲೇ ಅವರ ಎಡಗಡೆಗೆ ಹೋದೆ.

ಏಪ್ರಿಲ್ ೧೫, ಮಂಗಳವಾರ

ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಇಷ್ಟು ಹೆದರುವ ಗಂಡಸನ್ನು ನೋಡಿಲ್ಲ. ಹನಿ ಬೀಳುವ ಮೊದಲೇ ಕಣ್ಣು ಮುಚ್ಚುತ್ತಾರೆ. ಔಷಧಿಯೆಲ್ಲ ಕೆನ್ನೆಗೆ. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಅತ್ತೆ ಪಕ್ಕದಲ್ಲಿ ಕೂತು, "ಚಿಕ್ಕವನಿದ್ದಾಗ್ಲೂ ಹೀಗೇ ಇದ್ದ. ಮೂಗು ಹಿಡ್ಕೊಂಡು ಹಾಕಮ್ಮ" ಎನ್ನುತ್ತಾರೆ. ಅತ್ತೆಗೆ ಮಗನ ಮೇಲೆ ಕೋಪವಿಲ್ಲ. ಸ್ವೆಟರ್ ಹರಿದದ್ದಕ್ಕೆ ಮಾತ್ರ ಬೇಸರ.

ಏಪ್ರಿಲ್ ೨೭, ಭಾನುವಾರ

ಅಳಿಯನನ್ನು ಮಾರಿಬಿಡೋಣ ಎಂದರು ಮೇಷ್ಟ್ರು. ಬೇಡ, ನಾನು ಓಡಿಸುತ್ತೇನೆ ಎಂದೆ. ತಾನೇ ನಿಲ್ಲುವ ಆಟವನ್ನು ಬಂದ್ ಮಾಡಿಸಿದ್ದೇನೆ. ಅತ್ತೆಯನ್ನು ನೋಡಿ ನಿಂತದ್ದಕ್ಕೆ ಅದರ ಮೇಲೆ ಒಂದಿಷ್ಟು ಮರ್ಯಾದೆ ಇದೆ, ನಂಬಿಕೆ ಇಲ್ಲ. ಏಣಿಯನ್ನು ಕಾಣದೆ ಚೀಲಕ್ಕೆ ಹೆದರುವವನ ಕೈಯಲ್ಲಿ ಮನೆಯವರ ಜೀವ ಕೊಡಲಾರೆ.

ಇವತ್ತು ಅತ್ತೆಯನ್ನು ವ್ಯಾಯಾಮದಿಂದ ಕರೆದುಕೊಂಡು ಬಂದೆವು. ಮೊದಲು ಅತ್ತೆಯನ್ನು ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಆಮೇಲೆ ನೋಡಿದರೆ ಮೇಷ್ಟ್ರೂ ಇಳಿದು, ನೇರ ಹೋಗಿ ಕಂಬದ ಪಕ್ಕ, ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದಾರೆ. ಕಂಬಕ್ಕೆ ಎಡಗೈ ತಾಗಿಸಿಕೊಂಡು, ಅದು ಅಲ್ಲೇ ಇದೆಯೋ ಇಲ್ಲವೋ ಎನ್ನುವ ಹಾಗೆ.

"ಬಾ, ಬಾ. ನಾನು ನೋಡ್ತಿದೀನಿ."

ಏನು ನೋಡುತ್ತಾರೆ, ತಲೆ! ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಎರಡೂ ಕನ್ನಡಿ ನೋಡಿಕೊಂಡು, ಅವರ ಕಾಲಿನ ಮೇಲೆ ಒಂದು ಕಣ್ಣಿಟ್ಟು, ಆಮೆಯಂತೆ ಹಿಂದೆ ಬಂದೆ.

"ಬಾ. ಇನ್ನೂ ಬಾ. ಸ್ವಲ್ಪ ಬಲಕ್ಕೆ. ಬಾ. ಸಾಕು!"

ಹಿಂದೆ ಇನ್ನೂ ಒಂದು ಮೊಳ ಜಾಗವಿತ್ತು. ನಿಲ್ಲಿಸಿದೆ.

"ನೋಡಿದ್ಯಾ, ಎಷ್ಟು ಕರೆಕ್ಟಾಗಿ ನಿಂತಿದೆ!" ಎಂದು ಡಿಕ್ಕಿಯ ಮೇಲೆ ಬಡಿದರು. ಹೂಂ ಎಂದೆ. ಕಾರಿನ ಮೂತಿ ಗೆರೆ ದಾಟಿ ಹೊರಗೆ ಚಾಚಿಕೊಂಡಿದೆ. ವಕೀಲರು ಕೆಳಗಿಳಿದು ಬಂದು, ಮೂತಿಯನ್ನೂ ಗೆರೆಯನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದರು. ನಾನು ಅವರನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡು ಮೇಲೆ ಹೋದರು. ಹೋಗಲಿ, ವಕೀಲರು ಮಾತಾಡಿದರೂ ಬಿಟ್ಟರೂ ನನಗೇನೂ ಆಗಬೇಕಿಲ್ಲ.